ಕಂಬವಿಲ್ಲದ ಬಾವುಟ: ಒಂದು ‘ಟೆಮರೇರ್’ ಚಿತ್ರದ ಪ್ರಕರಣ

ದಕ್ಷಿಣ ಇಂಗ್ಲೆಂಡಿನ ಕರಾವಳಿಯ ಊರೊಂದರಲ್ಲಿ ಬಹುಕಾಲ ವೈದ್ಯರಾಗಿದ್ದು ನಿವೃತ್ತರಾದ ಕನ್ನಡಿಗರೊಬ್ಬರಿಗೆ, ಅವರ ನೆರೆಮನೆಯ ವೃದ್ಧೆಯೊಬ್ಬರು ತಮ್ಮ ಉಯಿಲಿನಲ್ಲಿ ಒಂದು ತೈಲಚಿತ್ರವನ್ನು ಬರೆದಿಟ್ಟು ಹೋದರು. ಕೊನೆಯ ಐದಾರು ವರ್ಷ ಆಕೆಯ ಯೋಗಕ್ಷೇಮ ನೋಡಿಕೊಂಡವರು ಈ ವೈದ್ಯರು ಮತ್ತು ಅವರ ಪತ್ನಿ. ನಾನು ಹಳೆಯ ಚಿತ್ರಗಳ ಸಂರಕ್ಷಣೆಯ ಕೆಲಸ ಮಾಡುವವಳು. ಚಿತ್ರ ನನ್ನ ಕೈಗೆ ಬಂದದ್ದು ಭಾಷೆಯ ನಂಟಿನಿಂದ. ಮಾಲೀಕರ ಒಪ್ಪಿಗೆ ಪಡೆದು, ಅವರ ಗುರುತು ಸಿಗುವ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮುಂದೆ ಅವರನ್ನು ಡಾಕ್ಟರು ಎಂದೂ ಅವರ ಪತ್ನಿಯನ್ನು ಅಮ್ಮ ಎಂದೂ ಕರೆಯುತ್ತೇನೆ. ನಾನು ಅವರನ್ನು ಹಾಗೆಯೇ ಕರೆಯುವುದು.

ಚಿತ್ರದ ಅಗಲ ಸುಮಾರು 61 ಸೆಂಟಿಮೀಟರ್, ಎತ್ತರ 46. ಕಂದುಗಟ್ಟಿದ ವಾರ್ನಿಷಿನ ಕೆಳಗೆ, ಮೂರು ಹಾಯಿಕಂಬಗಳ ದೊಡ್ಡ ಯುದ್ಧನೌಕೆಯೊಂದನ್ನು ಹೊಗೆಯುಗುಳುವ ಪುಟ್ಟ ಟಗ್ ಹಡಗೊಂದು ಎಳೆದುಕೊಂಡು ಬರುತ್ತಿದೆ. ಬಲಗಡೆ ನೀರಿನ ಅಂಚಿನಲ್ಲಿ ಸೂರ್ಯ, ಆಕಾಶದ ತುಂಬ ಕಿತ್ತಳೆ ಬಣ್ಣ. ಇದು ಯಾವ ಚಿತ್ರದ ಪಡಿಯಚ್ಚು ಎಂದು ಬ್ರಿಟನ್ನಿನಲ್ಲಿ ಶಾಲೆಯ ಮಕ್ಕಳೂ ಹೇಳಬಲ್ಲರು. ಇಂಗ್ಲಿಷ್ ಚಿತ್ರಕಾರ ಜೆ.ಎಂ.ಡಬ್ಲ್ಯು. ಟರ್ನರ್ 1839ರಲ್ಲಿ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿಟ್ಟ ‘ದಿ ಫೈಟಿಂಗ್ ಟೆಮರೇರ್’ ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸೊತ್ತು. 2005ರಲ್ಲಿ ಬಿಬಿಸಿ ರೇಡಿಯೋ ನಡೆಸಿದ ಮತದಾನದಲ್ಲಿ ಬ್ರಿಟನ್ನಿನಲ್ಲಿರುವ ಅತ್ಯಂತ ಶ್ರೇಷ್ಠ ಚಿತ್ರವೆಂದು ಜನ ಆರಿಸಿದ್ದು ಇದನ್ನೇ. 2020ರಿಂದ 20 ಪೌಂಡಿನ ನೋಟಿನ ಮೇಲೂ ಇದೇ ಹಡಗಿದೆ.

ವೃದ್ಧೆಯ ಮನೆತನದಲ್ಲಿ ಚಿತ್ರದ ಜೊತೆ ಒಂದು ಕಥೆಯೂ ಇಳಿದು ಬಂದಿತ್ತು. ಅವರ ಪೂರ್ವಜನೊಬ್ಬ, ಬ್ರಿಟಿಷರು ಫ್ರೆಂಚರ ವಿರುದ್ಧ ಹೋರಾಡಿದ ಟ್ರಫಾಲ್ಗರ್ ನೌಕಾಕದನದಲ್ಲಿ ಟೆಮರೇರ್ ಹಡಗಿನ ಮೇಲಿದ್ದನಂತೆ, ಅದನ್ನು ಕೇಳಿ ಮೆಚ್ಚಿದ ಟರ್ನರ್ ಸ್ವತಃ ಈ ಚಿಕ್ಕ ಪ್ರತಿಯನ್ನು ಬರೆದುಕೊಟ್ಟನಂತೆ. ಸ್ಥಳೀಯ ಮೌಲ್ಯಮಾಪಕರೊಬ್ಬರು ಚಿತ್ರವನ್ನು ಹತ್ತು ನಿಮಿಷ ನೋಡಿ ‘ಟರ್ನರ್ ವಲಯದ್ದು’, ಅಂದರೆ ಟರ್ನರ್ ಅಥವಾ ಅವನಿಗೆ ಹತ್ತಿರದವರು ಬರೆದದ್ದು, ಎಂದು ಚೀಟಿ ಬರೆದುಕೊಟ್ಟದ್ದರಿಂದ ಕಥೆಗೆ ಇನ್ನಷ್ಟು ಬಲ ಬಂತು. ಡಾಕ್ಟರ ಮಗ ಕೂಡಲೇ ಹರಾಜಿಗೆ ಇಡಬೇಕೆಂದ. ಡಾಕ್ಟರಿಗೆ ತಮ್ಮ ಹುಟ್ಟೂರಿನ ಶಾಲೆಗೆ ಆ ಹಣದಿಂದ ಒಂದು ಒಳ್ಳೆಯ ಗ್ರಂಥಾಲಯ ಕಟ್ಟಿಸುವ ಆಸೆ ಮೊಳೆಯಿತು.

ಅವರು ನನ್ನಲ್ಲಿ ಕೇಳಿದ್ದು ಒಂದೇ: “ಈ ಕೊಳೆ ತೆಗೆದುಕೊಡಮ್ಮ, ಒಳಗಿನ ಚಿನ್ನ ಕಾಣಲಿ.”

ಹಡಗು ಮತ್ತು ಚಿತ್ರ

ಮುಂದಿನದು ಅರ್ಥವಾಗಬೇಕಾದರೆ ಹಡಗಿನ ಕಥೆಯನ್ನೂ ಚಿತ್ರದ ಕಥೆಯನ್ನೂ ಸ್ವಲ್ಪ ಹೇಳಲೇಬೇಕು. ಎಚ್‌ಎಂಎಸ್ ಟೆಮರೇರ್ 98 ಫಿರಂಗಿಗಳ ಬ್ರಿಟಿಷ್ ಯುದ್ಧನೌಕೆ. 1798ರಲ್ಲಿ ಚಾಟಮ್‌ನಲ್ಲಿ ನೀರಿಗಿಳಿಯಿತು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್‌ನಲ್ಲಿ ಬ್ರಿಟಿಷ್ ದಂಡನಾಯಕ ನೆಲ್ಸನ್ನನ ಹಡಗು ‘ವಿಕ್ಟರಿ’ಯ ಬೆನ್ನಿಗೇ ಸಾಗಿ, ‘ರೆಡೂಟಬಲ್’ ಎಂಬ ಫ್ರೆಂಚ್ ಹಡಗಿನಿಂದ ವಿಕ್ಟರಿಯನ್ನು ಪಾರುಮಾಡಿತು. ಆ ದಿನ ಅದರ ಮೇಲಿದ್ದ 47 ಮಂದಿ ಸತ್ತರು. ಅಂಥ ಹಡಗು ಮುಂದೆ ಕೈದಿಗಳ ತೇಲುಸೆರೆಯಾಯಿತು, ಉಗ್ರಾಣವಾಯಿತು, ಕೊನೆಗೆ 1838ರಲ್ಲಿ 5,530 ಪೌಂಡಿಗೆ ಲಂಡನ್ನಿನ ರಾದರ್‌ಹೈಥ್‌ನ ಹಡಗು ಒಡೆಯುವ ವ್ಯಾಪಾರಿ ಜಾನ್ ಬೀಟ್ಸನ್‌ನ ಪಾಲಾಯಿತು. ಸೆಪ್ಟೆಂಬರ್ 5 ಮತ್ತು 6ರಂದು ಎರಡು ಟಗ್‌ಗಳು ಅದನ್ನು ಶೀರ್‌ನೆಸ್‌ನಿಂದ ಥೇಮ್ಸ್ ನದಿಯುದ್ದಕ್ಕೂ ಎಳೆದು ತಂದವು.

ಟರ್ನರ್ ಬರೆದದ್ದು ಇದರ ವರದಿಯನ್ನಲ್ಲ. ನಿಜದಲ್ಲಿ ಟಗ್‌ಗಳು ಎರಡು, ಚಿತ್ರದಲ್ಲಿ ಒಂದೇ. ನಿಜದಲ್ಲಿ ಹಾಯಿಕಂಬಗಳನ್ನು ಆಗಲೇ ಕಿತ್ತಿದ್ದರು, ಚಿತ್ರದಲ್ಲಿ ಅವು ನೆಟ್ಟಗೆ ನಿಂತಿವೆ. ಪಶ್ಚಿಮದ ಕಡೆಗೆ ಹೋಗುತ್ತಿದ್ದ ಹಡಗಿನ ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ಇದಕ್ಕೆಲ್ಲ ಸೇರಿದಂತೆ ಇನ್ನೊಂದು ಮಾರ್ಪಾಡೂ ಇದೆ, ನಮ್ಮ ಪ್ರಕರಣ ನಿಂತಿರುವುದು ಅದರ ಮೇಲೆ: ಆ ಕಾಲದ ಟಗ್‌ಗಳಲ್ಲಿ ಹಾಯಿಕಂಬ ಮುಂದೆ, ಹೊಗೆಕೊಳವೆ ಹಿಂದೆ ಇರುತ್ತಿತ್ತು. ಟರ್ನರ್ ಕೊಳವೆಯನ್ನು ಮುಂದಕ್ಕೆ ತಂದು ಕಂಬವನ್ನು ಅದರ ಹಿಂದಕ್ಕೆ ಸರಿಸಿದ. ಕಪ್ಪು ಕೊಳವೆಯ ಬಾಯಿಂದ ಹೊರಟ ಬೆಂಕಿ ಬೆರೆತ ಹೊಗೆ ಹಿಂದಕ್ಕೆ ಹೊರಳಿ, ಬಿಳಿಚಿದ ಹಳೆಯ ಹಡಗಿನ ಕಂಬಗಳ ನಡುವೆ ನುಗ್ಗಬೇಕು ಎಂಬುದು ಅವನಿಗೆ ಬೇಕಿದ್ದ ನೋಟ. ಮುಂದೆ ನುಗ್ಗಿ ಬರುತ್ತಿರುವ ಕಾಲ ಹಬೆಯದು ಎಂಬುದನ್ನು ಹೇಳಲು ಅವನಿಗೆ ಆ ಕೊಳವೆ ಎಲ್ಲಕ್ಕಿಂತ ಮುಂದೆಯೇ ಬೇಕಿತ್ತು ಎಂದು ನಾನು ನಂಬುತ್ತೇನೆ.

1845ರಲ್ಲಿ ಜೆ.ಟಿ. ವಿಲ್‌ಮೋರ್ ಎಂಬ ಕೆತ್ತನೆಗಾರ ಈ ಚಿತ್ರವನ್ನು ಲೋಹದ ಫಲಕದ ಮೇಲೆ ಕೆತ್ತಿ ಮುದ್ರಣಕ್ಕೆ ಸಿದ್ಧಪಡಿಸಿದ. ಆತ ಟರ್ನರ್‌ನ ‘ತಪ್ಪ’ನ್ನು ತಿದ್ದಿ, ಕಂಬವನ್ನು ಮುಂದಕ್ಕೂ ಕೊಳವೆಯನ್ನು ಹಿಂದಕ್ಕೂ ಇಟ್ಟ. ಇದನ್ನು ಕಂಡು ಟರ್ನರ್ ಕೆಂಡವಾದನೆಂದು ಅವನನ್ನು ಬಲ್ಲವರ ನೆನಪುಗಳಲ್ಲಿದೆ. ಮೂಲ ಚಿತ್ರವನ್ನು ಅವನು ಯಾರಿಗೂ ಮಾರಲಿಲ್ಲ. ಒಮ್ಮೆ ಎರವಲು ಕೊಟ್ಟ ಮೇಲೆ, ಇನ್ನೆಂದೂ ಈ ನನ್ನ ಮುದ್ದನ್ನು ಹೊರಗೆ ಕಳಿಸುವುದಿಲ್ಲವೆಂದು ಬರೆದ. 1851ರಲ್ಲಿ ಅವನು ತೀರಿಕೊಂಡಾಗಲೂ ಅದು ಅವನ ಬಳಿಯೇ ಇತ್ತು, ಅವನ ಉಯಿಲಿನ ಮೂಲಕ 1856ರಲ್ಲಿ ರಾಷ್ಟ್ರದ ಸ್ವತ್ತಾಯಿತು.

ಮೊದಲ ಕಿಟಕಿ

ಡಾಕ್ಟರ ಚಿತ್ರ ಬಂದ ದಿನ ನಾನು ಇದೆಲ್ಲವನ್ನೂ ಬಲ್ಲವಳಾಗಿದ್ದರೂ ಟಗ್‌ನ ಕಡೆ ಗಮನವಿಟ್ಟು ನೋಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಕೊಳವೆ ಮುಂದಿತ್ತು, ಕಂಬ ಹಿಂದಿತ್ತು, ನ್ಯಾಷನಲ್ ಗ್ಯಾಲರಿಯಲ್ಲಿರುವಂತೆಯೇ. ಹಾಗಾದರೆ ಇದು ಮೂಲವನ್ನೇ ನೋಡಿ ಬರೆದ ನಕಲು, ಗ್ಯಾಲರಿಯಲ್ಲಿ ಕುಳಿತು ನಕಲು ಮಾಡುವ ಹಳೆಯ ಪದ್ಧತಿಯ ಫಲ ಎಂದುಕೊಂಡೆ. ಅಷ್ಟು ಬೇಗ ತೀರ್ಮಾನಕ್ಕೆ ಬಂದದ್ದರಿಂದ ಎರಡು ವಾರ ಹೋಯಿತು.

ಸಂರಕ್ಷಣೆಯಲ್ಲಿ ಮೊದಲು ಮಾಡುವುದು ಚಿಕ್ಕದೊಂದು ಕಿಟಕಿ ತೆರೆಯುವ ಕೆಲಸ. ಚೌಕಟ್ಟಿನ ಅಂಚಿನಲ್ಲಿ ಮುಚ್ಚಿಹೋಗುವ ಮೂಲೆಯಲ್ಲಿ, ಕಡ್ಡಿಗೆ ಹತ್ತಿ ಸುತ್ತಿ ದ್ರಾವಕದಲ್ಲಿ ಅದ್ದಿ, ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಉರುಳಿಸಿ ಉರುಳಿಸಿ ಸ್ವಚ್ಛಗೊಳಿಸಿದೆ. ಹತ್ತಿಗೆ ಮೊದಲು ಜೇನಿನ ಬಣ್ಣದ ವಾರ್ನಿಷ್ ಹತ್ತಿತು. ಅದರ ಹಿಂದೆಯೇ ಕಿತ್ತಳೆ ಬಣ್ಣವೂ ಬಂತು. ನಾನು ಕೂಡಲೇ ಕೈ ನಿಲ್ಲಿಸಿದೆ. ನೂರೈವತ್ತು ವರ್ಷ ಒಣಗಿದ ಎಣ್ಣೆಬಣ್ಣ ಅಷ್ಟು ಮೆದುವಾದ ದ್ರಾವಕಕ್ಕೆ ಹೀಗೆ ಕರಗಬಾರದು. ಬಣ್ಣ ಹೋದ ಜಾಗದಲ್ಲಿ ಕಂಡದ್ದು ಚಿನ್ನವಲ್ಲ. ಬೂದು ಬೆರೆತ ನಸುಗೆಂಪು, ಮಂಜು ಹರಿಯುವ ಮುಂಜಾವಿನ ಬಣ್ಣ.

ಡಾಕ್ಟರು ಅದನ್ನು ನೋಡಿದಾಗ ಅವರ ಮುಖದಲ್ಲಿ ಗಾಬರಿ ಕಂಡಿತು. ನಾನು ಟರ್ನರ್‌ನ ಬಣ್ಣವನ್ನೇ ಕೆರೆದು ಹಾಕಿದೆನೆಂದು ಅವರಿಗೆ ಅನ್ನಿಸಿದ್ದು ಸಹಜವೇ. ಆಗ ನನ್ನೆದುರು ಎರಡು ದಾರಿಗಳಿದ್ದವು. ಕೆಲಸವನ್ನು ಅಲ್ಲಿಗೇ ಬಿಟ್ಟು, ಮೇಲಿನ ವಾರ್ನಿಷನ್ನಷ್ಟೇ ತೆಳುಗೊಳಿಸಿ ಅವರು ಬಯಸಿದ ಚಿನ್ನದ ಆಕಾಶವನ್ನೇ ಹಿಂದಿರುಗಿಸಬಹುದಿತ್ತು. ಅವರಿಗೂ ಸಮಾಧಾನ, ಹರಾಜಿನ ಚೀಟಿಗೂ ಧಕ್ಕೆಯಿಲ್ಲ. ಇಲ್ಲವೇ ಎಲ್ಲ ಶುಚಿಕಾರ್ಯವನ್ನು ನಿಲ್ಲಿಸಿ, ಈ ಕಿತ್ತಳೆ ಯಾವಾಗ ಬಂತು, ಯಾಕೆ ಬಂತು ಎಂದು ಹುಡುಕಬೇಕಿತ್ತು. ಎರಡನೆಯದಕ್ಕೆ ಹಣವೂ ಸಮಯವೂ ಬೇಕು, ಫಲ ಅವರಿಗೆ ಬೇಡವಾದದ್ದೂ ಆಗಬಹುದು ಎಂದು ನೇರವಾಗಿ ಹೇಳಿದೆ. ಅವರು ಒಂದು ದಿನ ಸುಮ್ಮನಿದ್ದು, ಮರುದಿನ ಫೋನ್ ಮಾಡಿ, “ರೋಗ ಏನೆಂದು ತಿಳಿಯದೆ ಔಷಧ ಬರೆದುಕೊಟ್ಟವನಲ್ಲ ನಾನು, ಪರೀಕ್ಷೆ ಮಾಡಿಸಮ್ಮ” ಎಂದರು. ಈ ಪ್ರಕರಣದ ಮೊದಲ ತಿರುವು ಇದು, ಅದರ ಶ್ರೇಯಸ್ಸು ಪೂರ್ತಿ ಅವರದು.

ಅಮ್ಮನ ಪ್ರಶ್ನೆ

ಎರಡನೆಯ ತಿರುವು ಯಾವ ಉಪಕರಣದಿಂದಲೂ ಬರಲಿಲ್ಲ. ಪರೀಕ್ಷೆಗೆ ದಿನ ಗೊತ್ತಾಗುವವರೆಗೆ ಚಿತ್ರ ನನ್ನ ಮೇಜಿನ ಮೇಲಿತ್ತು. ಡಾಕ್ಟರ ಜೊತೆ ಬಂದಿದ್ದ ಅಮ್ಮ, ನಾವಿಬ್ಬರೂ ಆಕಾಶದ ಬಗ್ಗೆ ಚರ್ಚಿಸುತ್ತಿರುವಾಗ, ಭೂತಗನ್ನಡಿ ಹಿಡಿದು ಟಗ್‌ನ ಮೂತಿಯನ್ನೇ ನೋಡುತ್ತಿದ್ದರು. ಅವರು ಕರಾವಳಿಯವರು, ದೋಣಿ ನೋಡಿಯೇ ಬೆಳೆದವರು.

“ಇದೇನು ಬಿಳಿ ಬಟ್ಟೆ ಇಲ್ಲಿ? ಯಾವ ಕಂಬಕ್ಕೂ ಕಟ್ಟಿಲ್ಲವಲ್ಲ.”

ನೋಡಿದೆ. ಟಗ್‌ನ ಮುಂಭಾಗದ ಮೇಲೆ, ಕೊಳವೆಗಿಂತ ಎರಡು ಬೆರಳಿನಷ್ಟು ಮುಂದೆ, ಗಾಳಿಯಲ್ಲಿ ಬಿಳಿಯದೇನೋ ತೇಲುತ್ತಿತ್ತು. ನಾನು ಅದನ್ನು ಹಬೆಯ ತುಣುಕೆಂದು ಬಗೆದು ದಾಟಿಹೋಗಿದ್ದೆ. ಆದರೆ ಅದಕ್ಕೆ ಒಂದು ನೇರ ಅಂಚಿತ್ತು, ಕೆಳಗಿನ ತುದಿಯಲ್ಲಿ ಮಡಿಕೆಯ ನೆರಳಿತ್ತು. ಟರ್ನರ್‌ನ ಚಿತ್ರದಲ್ಲಿ ಟಗ್‌ನ ಕಂಬದ ಮೇಲೆ ಬಿಳಿ ಬಾವುಟವಿದೆ. ಹಡಗು ನೌಕಾಪಡೆಯದಲ್ಲ, ಇನ್ನು ಖಾಸಗಿ ವ್ಯಾಪಾರಿಯದು ಎಂಬುದರ ಗುರುತು ಅದು. ಬಾವುಟ ಇಲ್ಲಿದೆಯೆಂದರೆ ಕಂಬವೂ ಇಲ್ಲಿಯೇ ಇರಬೇಕಿತ್ತು.

ಕೋಣೆಯನ್ನು ಕತ್ತಲಾಗಿಸಿ ನೇರಳಾತೀತ ದೀಪ ಹಚ್ಚಿದೆವು. ಆ ಬೆಳಕಿನಲ್ಲಿ ಹಳೆಯ ವಾರ್ನಿಷ್ ಹಸಿರು ಮಿಶ್ರಿತವಾಗಿ ಹೊಳೆಯುತ್ತದೆ, ಅದರ ಮೇಲೆ ಆಮೇಲೆ ಹಚ್ಚಿದ ಬಣ್ಣ ಕಪ್ಪು ಕಲೆಯಾಗಿ ಕಾಣುತ್ತದೆ. ಆಕಾಶದ ಬಲಭಾಗ ಬಹುತೇಕ ಕಪ್ಪಾಗಿತ್ತು. ಟಗ್‌ನ ಮುಂಭಾಗದಲ್ಲಿ ನಿಂತಿದ್ದ ಕೊಳವೆ ಕಡುಕಪ್ಪಾಗಿತ್ತು. ಅದರ ಮುಂದೆ, ಬಾವುಟದಿಂದ ಡೆಕ್‌ವರೆಗೆ, ಕಡ್ಡಿಯಷ್ಟು ಅಗಲದ ಉದ್ದನೆಯ ಪಟ್ಟಿಯೊಂದೂ ಕಪ್ಪಾಗಿತ್ತು: ಅಲ್ಲಿ ಯಾರೋ ಕಂಬವೊಂದನ್ನು ಆಕಾಶದ ಬಣ್ಣದಿಂದ ಅಳಿಸಿದ್ದರು.

ಸೂಕ್ಷ್ಮದರ್ಶಕದಡಿ ಉಳಿದದ್ದೂ ಗೊತ್ತಾಯಿತು. ಕಿತ್ತಳೆ ಬಣ್ಣ ಹಳೆಯ ಬಿರುಕುಗಳ ಒಳಕ್ಕೆ ಹರಿದು ಇಳಿದಿತ್ತು, ಅಂದರೆ ಚಿತ್ರ ಮುಪ್ಪಾಗಿ ಬಿರಿದ ಮೇಲೆ ಅದನ್ನು ಹಚ್ಚಿದ್ದಾರೆ. ಪ್ರಯೋಗಾಲಯದಲ್ಲಿ, ಬಣ್ಣದಲ್ಲಿ ಯಾವ ಮೂಲವಸ್ತುಗಳಿವೆಯೆಂದು ತೋರಿಸುವ ಕ್ಷ-ಕಿರಣ ಪ್ರತಿದೀಪ್ತಿ ಪರೀಕ್ಷೆ ಮಾಡಿದಾಗ ತಿದ್ದಿದ ಜಾಗಗಳಲ್ಲಿ ಟೈಟಾನಿಯಂ ಇರುವ ಸೂಚನೆ ಬಂತು. ಇಲ್ಲೊಂದು ಎಚ್ಚರಿಕೆಯನ್ನು ಕಿರಿಯ ಸಹೋದ್ಯೋಗಿಗಳಿಗಾಗಿ ಬರೆಯುತ್ತಿದ್ದೇನೆ: ಈ ಪರೀಕ್ಷೆಯಲ್ಲಿ ಟೈಟಾನಿಯಂ ಮತ್ತು ಬೇರಿಯಂಗಳ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ, ಹತ್ತೊಂಬತ್ತನೆಯ ಶತಮಾನದ ಬಣ್ಣಗಳಲ್ಲಿ ಬೇರಿಯಂ ಧಾರಾಳವಾಗಿರುತ್ತದೆ. ಅವಸರದಲ್ಲಿ ನೋಡಿದರೆ ಹಳೆಯದನ್ನು ಹೊಸದೆಂದು ಓದುವ ಅಪಾಯವುಂಟು. ಆದ್ದರಿಂದ ಸಾಸಿವೆಗಿಂತ ಚಿಕ್ಕದಾದ ಮಾದರಿಯೊಂದನ್ನು ಅಡ್ಡ ಕತ್ತರಿಸಿ, ಪದರ ಪದರವಾಗಿ ನೋಡಿಸಿದೆವು. ಮೇಲಿನ ಪದರದಲ್ಲಿ ಟೈಟಾನಿಯಂ ಬಿಳಿ ಇದ್ದದ್ದು ಖಚಿತವಾಯಿತು. ಕಲಾವಿದರ ಬಣ್ಣವಾಗಿ ಅದು ಬಳಕೆಗೆ ಬಂದದ್ದು 1920ರ ಆಸುಪಾಸಿನಲ್ಲಿ. ಕೆಳಗಿನ ಮೂಲ ಪದರದಲ್ಲಿ ಸೀಸದ ಬಿಳಿಯಷ್ಟೇ ಇತ್ತು.

ಈಗ ಚಿತ್ರದ ಚರಿತ್ರೆಯನ್ನು ಹೀಗೆ ಓದಬಹುದಾಗಿತ್ತು. ಇದನ್ನು ಬರೆದವರು ಟರ್ನರ್‌ನ ಚಿತ್ರವನ್ನು ನೋಡಿರಲಿಲ್ಲ. ಅವರ ಮುಂದಿದ್ದದ್ದು ವಿಲ್‌ಮೋರ್‌ನ ಕಪ್ಪು-ಬಿಳುಪಿನ ಮುದ್ರಣ, ಹಾಗಾಗಿ ಕಂಬವನ್ನು ಮುಂದಿಟ್ಟರು. ಬಣ್ಣವನ್ನು ತಾವೇ ಊಹಿಸಬೇಕಿತ್ತು. ಬಣ್ಣವಿಲ್ಲದ ಮುದ್ರಣದಲ್ಲಿ ನೀರಿನ ಅಂಚಿನ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಹೇಗೆ ಹೇಳುವುದು? ಅವರು ಅದನ್ನು ಬೆಳಗೆಂದು ಓದಿದರು. ಹಲವು ದಶಕಗಳ ನಂತರ, ಮೂಲ ಚಿತ್ರ ಮನೆಮನೆಗೂ ಬಣ್ಣದಲ್ಲಿ ಪರಿಚಿತವಾದ ಕಾಲದಲ್ಲಿ, ಇನ್ನೊಬ್ಬರು ಬಂದು ಬೆಳಗನ್ನು ಸಂಜೆಯಾಗಿಸಿದರು, ಕಂಬವನ್ನು ಅಳಿಸಿ ಕೊಳವೆಯನ್ನು ಮುಂದೆ ತಂದರು. ವಿಲ್‌ಮೋರ್ ಟರ್ನರ್‌ನನ್ನು ಹಡಗಿನ ಕಡೆಗೆ ತಿದ್ದಿದ. ಈ ಎರಡನೆಯವರು ನಕಲನ್ನು ಟರ್ನರ್‌ನ ಕಡೆಗೆ ತಿದ್ದಿದರು. ಬಾವುಟವನ್ನು ಮಾತ್ರ ಅಳಿಸಲು ಮರೆತರು, ಅಥವಾ ನನ್ನಂತೆಯೇ ಹಬೆಯೆಂದುಕೊಂಡರು.

ಇದು ಮೋಸಕ್ಕಾಗಿ ಮಾಡಿದ ಕೆಲಸವೋ ಎಂದು ಡಾಕ್ಟರ ಮಗ ಕೇಳಿದ. ಉತ್ತರ ವೃದ್ಧೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿತ್ತು. ಆಕೆಯ ತಂದೆಯ ಹೆಸರಿಗೆ ಬರೆದ ಹಳೆಯ ಬಿಲ್ಲೊಂದರಲ್ಲಿ, ಚೌಕಟ್ಟಿನ ದುರಸ್ತಿ, ಹಿಂಬದಿಗೆ ಹೊಸ ಬಟ್ಟೆ ಅಂಟಿಸಿದ್ದು, ಇವುಗಳ ಕೆಳಗೆ ಮೂರನೆಯ ಸಾಲು: ‘ಆಕಾಶವನ್ನು ಉತ್ತಮಪಡಿಸಿದ್ದಕ್ಕೆ.’ ಮೋಸ ಮಾಡುವವರು ಅದಕ್ಕೆ ಪ್ರತ್ಯೇಕ ಬಿಲ್ಲು ಬರೆದುಕೊಡುವುದಿಲ್ಲ. ಪ್ರೀತಿಯ ಚಿತ್ರವೊಂದು ಪ್ರಸಿದ್ಧ ಚಿತ್ರದಂತಿಲ್ಲವಲ್ಲ ಎಂಬ ಕೊರಗಿನಿಂದ ಮಾಲೀಕನೇ ಹೇಳಿ ಮಾಡಿಸಿದ್ದೆಂದು ತೋರುತ್ತದೆ.

ಪೂರ್ವಜನ ಕಥೆಯನ್ನೂ ಪರಿಶೀಲಿಸಿದೆವು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಟ್ರಫಾಲ್ಗರ್ ಹಡಗುಗಳ ಹಾಜರಿ ಪುಸ್ತಕಗಳಿವೆ. ಆ ಹೆಸರಿನ ನಾವಿಕನೊಬ್ಬ ಸಿಕ್ಕಿದ, ಆದರೆ ಹುಟ್ಟೂರು ಬೇರೆ. ಅವನೇ ಇವನೆಂದು ಹೇಳಲು ಅದು ಸಾಲದು.

ತೆಗೆಯುವುದೋ ಬಿಡುವುದೋ

ಎಲ್ಲಕ್ಕಿಂತ ಕಷ್ಟದ ನಿರ್ಧಾರ ಇನ್ನೂ ಉಳಿದಿತ್ತು. ಮೇಲ್ಬಣ್ಣವೂ ಈ ವಸ್ತುವಿನ ಬಾಳಿನ ಒಂದು ಭಾಗ; ಒಂದು ಕುಟುಂಬ ದಶಕಗಳ ಕಾಲ ಕಂಡದ್ದು, ವೃದ್ಧೆ ಬಾಲ್ಯದಿಂದ ನೋಡಿ ಬೆಳೆದದ್ದು ಆ ಕಿತ್ತಳೆ ಸಂಜೆಯನ್ನೇ. ಅದನ್ನು ತೆಗೆಯುವ ಹಕ್ಕು ನಮಗಿದೆಯೇ ಎಂಬುದು ಬರಿಯ ತಾಂತ್ರಿಕ ಪ್ರಶ್ನೆಯಲ್ಲ. ಮತ್ತೊಂದು ಕಡೆ, ಆ ಪದರ ಕೆಳಗಿನ ಗಟ್ಟಿಮುಟ್ಟಾದ ಮೂಲ ಬಣ್ಣವನ್ನು ಮುಚ್ಚಿತ್ತು, ತಾನೂ ಬಣ್ಣಗೆಟ್ಟಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ನಕಲು ಬರೆದವರ ಏಕೈಕ ಸ್ವಂತ ಊಹೆಯನ್ನು, ಅವರ ಬೆಳಗನ್ನು, ಅದು ನುಂಗಿತ್ತು. ಬೇರೆಯವರ ಚಿತ್ರವನ್ನು ನಕಲು ಮಾಡಿದವರಲ್ಲೂ ತಮ್ಮದೇ ಆದದ್ದೊಂದು ಇರುತ್ತದೆ. ಇಲ್ಲಿ ಅದು ಇದ್ದದ್ದು ಆಕಾಶದಲ್ಲಿ ಮಾತ್ರ. ನನ್ನ ಒಲವು ತೆಗೆಯುವುದರ ಕಡೆಗಿತ್ತು, ಅದನ್ನು ಮುಚ್ಚಿಡದೆ ಹೇಳಿದೆ. ಆದರೂ ತೀರ್ಮಾನ ಮಾಲೀಕರದ್ದಾಗಬೇಕೆಂದು, ಹಾಗೆಯೇ ಬಿಟ್ಟರೆ ಏನು, ಪೂರ್ತಿ ತೆಗೆದರೆ ಏನು, ಟಗ್‌ನ ಭಾಗವನ್ನಷ್ಟೇ ತೆಗೆದರೆ ಏನು ಎಂದು ಬರೆದುಕೊಟ್ಟೆ.

ತಂದೆ-ಮಗನ ನಡುವೆ ವಾದವಾಯಿತು. ಕಿತ್ತಳೆ ಆಕಾಶವಿದ್ದರೆ ಗೋಡೆಗೆ ಕೊಳ್ಳುವವರಾದರೂ ಸಿಗುತ್ತಾರೆ, ಬೂದು ಆಕಾಶಕ್ಕೆ ಯಾರು ಹಣ ಕೊಡುತ್ತಾರೆ ಎಂದ ಮಗ. ಅವನ ಲೆಕ್ಕ ತಪ್ಪಾಗಿರಲಿಲ್ಲ. ಡಾಕ್ಟರು ಮೂರು ವಾರ ತೆಗೆದುಕೊಂಡರು. ಆ ಅವಧಿಯಲ್ಲಿ ನಾವು ಮೂವರೂ ಒಮ್ಮೆ ನ್ಯಾಷನಲ್ ಗ್ಯಾಲರಿಗೆ ಹೋಗಿ ಮೂಲ ಚಿತ್ರದ ಮುಂದೆ ನಿಂತೆವು. ಅಗಲ 121.6, ಎತ್ತರ 90.7 ಸೆಂಟಿಮೀಟರ್, ಮನೆಯದಕ್ಕಿಂತ ಅಗಲದಲ್ಲೂ ಎತ್ತರದಲ್ಲೂ ಸರಿಸುಮಾರು ಎರಡು ಪಟ್ಟು. ಹತ್ತಿರದಿಂದ ನೋಡಿದರೆ ಸೂರ್ಯನ ಸುತ್ತ ಬಣ್ಣ ಮೆತ್ತಿದಂತೆ ದಪ್ಪವಾಗಿ ಎದ್ದು ನಿಂತಿದೆ, ಹಡಗಿನ ಮೈ ಮಾತ್ರ ತೆಳ್ಳಗೆ ನೆರಳಿನಂತೆ. ಅಮ್ಮ ಬಹಳ ಹೊತ್ತು ಕೊಳವೆಯನ್ನೇ ನೋಡಿ, “ಇಲ್ಲಿ ಇದು ಸರಿಯಾಗಿದೆ. ನಮ್ಮದರಲ್ಲಿ ಕಂಬ ಇದ್ದದ್ದೇ ಸರಿ” ಎಂದರು. ಮನೆಗೆ ಮರಳುವ ರೈಲಿನಲ್ಲಿ ಡಾಕ್ಟರು ಪೂರ್ತಿ ತೆಗೆಯಲು ಒಪ್ಪಿಗೆ ಕೊಟ್ಟರು.

ಪ್ರತಿ ಹಂತದಲ್ಲೂ ಫೋಟೊ ತೆಗೆದು, ಜೆಲ್ ರೂಪದ ದ್ರಾವಕದಿಂದ ಒಮ್ಮೆಗೆ ಒಂದೆರಡು ಚದರ ಸೆಂಟಿಮೀಟರ್‌ನಂತೆ ಮುಂದುವರಿದೆವು. ಕೆಲಸ ನಾಲ್ಕು ತಿಂಗಳು ಹಿಡಿಯಿತು. ಆಕಾಶದ ಬಲತುದಿಯಲ್ಲಿ ಅಂಗೈಯಷ್ಟು ಜಾಗದಲ್ಲಿ ಹಿಂದಿನವರು ಮೂಲ ಬಣ್ಣವನ್ನು ಉಜ್ಜಿ ಸವೆಸಿದ್ದರು. ಅಲ್ಲಿ ಮೇಲ್ಬಣ್ಣ ತೆಗೆದರೆ ಬರಿಯ ಬಟ್ಟೆ ಕಾಣುತ್ತಿತ್ತು, ಆದ್ದರಿಂದ ಅದನ್ನು ತೆಳುಗೊಳಿಸಿ ಹಾಗೆಯೇ ಉಳಿಸಿದೆವು. ಈಗಲೂ ಆ ಮೂಲೆಯಲ್ಲಿ ಮುಂಜಾವಿನ ನಡುವೆ ಚೂರು ಸಂಜೆ ಇದೆ. ಮೇಲಿನ ಪದರ ಹೋದ ಮೇಲೆ ಹಡಗಿನ ಮೈಯ ಮೇಲೆ ಟ್ರಫಾಲ್ಗರ್ ಕಾಲದ ಕಪ್ಪು-ಹಳದಿ ಪಟ್ಟೆಗಳೂ ಹೊರಬಂದವು. ಟರ್ನರ್‌ನ ಮಾಸಲು ಚಿನ್ನದ ಹಡಗಿನಲ್ಲಿ ಅವಿಲ್ಲ. ಅನಾಮಧೇಯ ನಕಲುಗಾರರು ಹಡಗುಗಳನ್ನು ಕಣ್ಣಾರೆ ಕಂಡು ಬಲ್ಲವರಾಗಿದ್ದರೆಂದು ನನಗನ್ನಿಸುವುದು ಈ ಪಟ್ಟೆಗಳಿಂದಲೇ.

ಈ ಪ್ರಕರಣದ ನಂತರ ನನ್ನ ಕೆಲಸದ ಕ್ರಮ ಬದಲಾಗಿದೆ. ಪ್ರಸಿದ್ಧ ಚಿತ್ರವೊಂದರ ಪ್ರತಿ ಮೇಜಿಗೆ ಬಂದಾಗ, ಇದು ಯಾರ ಕೈಕೆಲಸ ಎಂಬುದಕ್ಕಿಂತ ಮೊದಲು, ಇದನ್ನು ಬರೆದವರ ಕಣ್ಣೆದುರು ಏನಿತ್ತು ಎಂದು ಕೇಳುತ್ತೇನೆ: ಮೂಲವೋ, ಮುದ್ರಣವೋ, ಮುದ್ರಣದ ಯಾವ ಆವೃತ್ತಿಯೋ. ಮೂಲಕ್ಕೆ ಹೊಂದುವ ವಿವರಕ್ಕಿಂತ ಹೊಂದದ ವಿವರವನ್ನು ಮೊದಲು ಹುಡುಕುತ್ತೇನೆ. ಡಾಕ್ಟರ ಚಿತ್ರದಲ್ಲಿ ಹೊಂದುತ್ತಿದ್ದ ಕೊಳವೆ ನನ್ನನ್ನು ದಾರಿ ತಪ್ಪಿಸಿತು, ಹೊಂದದ ಬಾವುಟ ದಾರಿ ತೋರಿತು. ನೇರಳಾತೀತ ದೀಪವನ್ನು ಈಗ ಹತ್ತಿಯ ಕಡ್ಡಿಗಿಂತ ಮೊದಲು ಕೈಗೆತ್ತಿಕೊಳ್ಳುತ್ತೇನೆ; ಆ ದಿನ ಹಾಗೆ ಮಾಡಿದ್ದರೆ ಡಾಕ್ಟರಿಗೆ ಆ ಗಾಬರಿಯ ಗಳಿಗೆ ಬರುತ್ತಿರಲಿಲ್ಲ.

ಚಿತ್ರ ಮಾರಾಟವಾಗಲಿಲ್ಲ. ಗ್ರಂಥಾಲಯಕ್ಕೆ ಡಾಕ್ಟರು ತಮ್ಮ ಉಳಿತಾಯದಿಂದಲೇ ಒಂದು ಮೊತ್ತ ಕಳಿಸಿದರು. ಚೌಕಟ್ಟಿನ ಹಿಂದೆ ಪಾರದರ್ಶಕ ಲಕೋಟೆಯಲ್ಲಿ ಆ ಹಳೆಯ ಬಿಲ್ಲನ್ನೂ, ಶುಚಿಗೊಳಿಸುವ ಮೊದಲಿನ ಫೋಟೊವನ್ನೂ ಇಟ್ಟು, ಕೆಳಗೆ ಚೀಟಿ ಅಂಟಿಸಿದೆವು. ‘ಜೆ.ಟಿ. ವಿಲ್‌ಮೋರ್‌ನ 1845ರ ಕೆತ್ತನೆಯನ್ನು ನೋಡಿ ಬರೆದದ್ದು, ಮೂಲ ಟರ್ನರ್‌ನದು. ಕಲಾವಿದರು ತಿಳಿದಿಲ್ಲ’ ಎಂದು ನಾನು ಬೆರಳಚ್ಚು ಮಾಡಿದ್ದೆ. ಅಮ್ಮ ಅದನ್ನು ಓದಿ ಪೆನ್ನು ಕೇಳಿ ಪಡೆದು, ಕೆಳಗೆ ಕನ್ನಡದಲ್ಲಿ ‘ಬೆಳಗಿನ ಹೊತ್ತು’ ಎಂದು ಸೇರಿಸಿದರು.